ಗಾಜಿನ ಹತ್ತಿರ ಕುಂದ್ರುವ ಕೆಲಸ

ವಾಡಿ ಸ್ಟೇಷನ್ನಿನಿಂದ ಹೊರಗೆ ಬಂದು ಚಿತ್ತಾಪುರದ ರಸ್ತೆ ಹಿಡಿದರೆ ಎಡಗಡೆ ಅಮೃತಪ್ಪನವರ ಹೋಟೆಲ್. ಅಲ್ಲಿ ನಾನು ಭಜಿ ಕರಿಯುತ್ತೇನೆ. ಹನ್ನೊಂದು ವರ್ಷ ಆಯಿತು. ನನ್ನ ವಿಷಯ ಇಷ್ಟು ಸಾಕು. ಇದು ದೇವಿಂದ್ರಪ್ಪನ ವಿಷಯ.

ದೇವಿಂದ್ರಪ್ಪ ಅದೇ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸಪ್ಲೈಯರ್. ಊರು ನಾಲವಾರ. ಬೆಳಗಿನ ಪ್ಯಾಸೆಂಜರ್ ಗಾಡಿಗೆ ಬರುತ್ತಾನೆ, ಸಂಜೆ ಗಾಡಿಗೆ ಹೋಗುತ್ತಾನೆ. ಮನೆಯಲ್ಲಿ ಐದು ಮಂದಿ. ಅವನು, ಹೆಂಡತಿ ಶಿವಗಂಗಾ, ಇಬ್ಬರು ಹೆಣ್ಣುಮಕ್ಕಳು, ಅವನ ತಾಯಿ. ಪಗಾರ ಎಂಟು ಸಾವಿರ. ಅದು ತಿಂಗಳ ಅರ್ಧಕ್ಕೆ ಮುಗಿಯುತ್ತದೆ. ಉಳಿದ ಅರ್ಧ ತಿಂಗಳು ಮನೆ ನಡೆಯುವುದು ರೇಷನ್ ಕಾರ್ಡಿನ ಅಕ್ಕಿಯ ಮೇಲೆ. ಶಿವಗಂಗಾ ಆ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಟ್ಟಿದ್ದಾಳೆ. ಪೂಜೆಯ ಹೊತ್ತಿಗೆ ಅದಕ್ಕೂ ಒಂದು ಹೂವು ಏರಿಸುತ್ತಾಳೆ. ಆ ಕಾರ್ಡು ಕೈಬಿಟ್ಟು ಹೋಗುವ ಹಂತಕ್ಕೆ ಹೇಗೆ ಬಂತು ಎಂದು ಹೇಳುತ್ತೇನೆ.

ಹೋದ ವರ್ಷ ನಮ್ಮ ಹೋಟೆಲಿನ ಎದುರಿಗೆ ಒಂದು ಹೊಸ ಹೋಟೆಲ್ ಬಂತು. ಮುಂದೆ ಪೂರಾ ಗಾಜು. ಒಳಗೆ ಕುಂತು ತಿನ್ನುವವರು ರಸ್ತೆಗೆ ಕಾಣುತ್ತಿದ್ದರು. ನಮ್ಮ ಗಿರಾಕಿ ಕಡಿಮೆ ಆದರು. ಅಮೃತಪ್ಪನವರೂ ಗೋಡೆ ಒಡೆಸಿ ಗಾಜು ಹಾಕಿಸಿದರು. ಈಗ ನಮ್ಮ ಖಾಲಿ ಕುರ್ಚಿಗಳು ರಸ್ತೆಗೆ ಕಾಣತೊಡಗಿದವು. ಇದ್ದ ಗಿರಾಕಿಯೂ ಹೋದರು.

ಒಂದು ದಿನ ಮಧ್ಯಾಹ್ನ ಮಾಲಕರು ನಮ್ಮನ್ನೆಲ್ಲ ಒಲೆಯ ಹತ್ತಿರ ಕರೆದರು.

"ಖಾಲಿ ಹೋಟೆಲಿಗೆ ನೊಣಾನೂ ಬರಂಗಿಲ್ಲ," ಅಂದರು. "ಮಂದಿ ಇದ್ದಲ್ಲೇ ಮಂದಿ ಬರ್ತಾರ. ಎದುರಿನವನ ಗಾಜ ನೋಡ್ರಿ. ಯಾವಾಗ ನೋಡಿದ್ರೂ ಒಬ್ಬ ಕುಂತು ತಿನ್ಲಿಕತ್ತಿರ್ತಾನ."

"ಹಂಗಾರ ನಾವೇನು ಮಾಡ್ಬೇಕ್ರಿ?" ಅಂದ ದೇವಿಂದ್ರಪ್ಪ.

"ನಾವೂ ಒಬ್ಬನ್ನ ಕುಂದ್ರಸೂಣು."

"ಯಾರನ್ನ ತರ್ತೀರಿ?"

"ತರೂದ್ಯಾಕ? ಹೊರಗಿನವ ರೊಕ್ಕ ಕೇಳ್ತಾನ."

ಮಾಲಕರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನನ್ನ ಕೈ ತುಂಬ ಎಣ್ಣೆ ಸಿಡಿದ ಕಲೆ. ಅಡುಗೆಯವನಿಗೆ ಮುಂದಿನ ಹಲ್ಲಿಲ್ಲ. ದೇವಿಂದ್ರಪ್ಪ ಆರಡಿ ಆಳು. ಅಗಲ ಹಣೆ, ಅದರ ತುಂಬ ವಿಭೂತಿ, ದಪ್ಪ ಮೀಸೆ. ಕೈಯಲ್ಲಿ ಒರಸುವ ಬಟ್ಟೆ ಇಲ್ಲದಿದ್ದರೆ ನೂರು ಎಕರೆ ತೊಗರಿ ಹೊಲದವನು ಅನ್ನಬೇಕು.

"ದೇವ್ಯಾ, ನಾಳಿಂದ ನೀ ಗಿರಾಕಿ."

"ನಾನ್ರಿ? ಸಪ್ಲೈ ಯಾರು ಮಾಡ್ತಾರ್ರಿ?"

"ಮಂದೀನೇ ಇಲ್ಲ, ಯಾರಿಗಿ ಸಪ್ಲೈ ಮಾಡ್ತಿ? ಬರೋ ನಾಕು ಮಂದಿಗಿ ಪೀರಪ್ಪ ಭಜಿ ಕರದು ತಾನೇ ಕೊಡ್ತಾನ."

ಪೀರಪ್ಪ ಅಂದರೆ ನಾನು. ನನ್ನನ್ನು ಯಾರೂ ಕೇಳಲಿಲ್ಲ.

"ಪಗಾರ್ರಿ?" ಅಂದ ದೇವಿಂದ್ರಪ್ಪ.

"ಅಷ್ಟೇ ಪಗಾರ. ನಿಂತ್ರೂ ಅಷ್ಟೇ, ಕುಂತ್ರೂ ಅಷ್ಟೇ. ಇಪ್ಪತ್ತೆರಡು ವರ್ಷ ನಿಂತೀದಿ, ಇನ್ನ ಕುಂದ್ರಲೇ ಮಾರಾಯಾ."

ಮಾಲಕರು ತಮ್ಮ ಮದುವೆಯ ಬಿಳಿ ಅಂಗಿ ಕೊಟ್ಟರು. ನಿಂತುಹೋದ ಒಂದು ಕೈಗಡಿಯಾರವನ್ನೂ ಕೊಟ್ಟರು. ಟೈಮ್ ನೋಡಬಾರದು, ಬರೀ ಕಟ್ಟಿಕೊಳ್ಳಬೇಕು ಅಂದರು.

ಮರುದಿನದಿಂದ ಕೆಲಸ ಶುರುವಾಯಿತು. ದೇವಿಂದ್ರಪ್ಪ ಹಿಂದಿನ ಬಾಗಿಲಿನಿಂದ ಒಳಗೆ ಬಂದು ಹಿಟ್ಟಿನ ಚೀಲಗಳ ಮರೆಯಲ್ಲಿ ಅಂಗಿ ಬದಲಿಸಬೇಕು. ಮತ್ತೆ ಹಿಂದಿನ ಬಾಗಿಲಿನಿಂದಲೇ ಹೊರಗೆ ಹೋಗಿ, ಗಲ್ಲಿ ಸುತ್ತಿ, ಮುಂದಿನ ಬಾಗಿಲಿನಿಂದ ಗಿರಾಕಿಯಾಗಿ ಬರಬೇಕು. ಅವನು ಬಂದ ಕೂಡಲೇ ಮಾಲಕರು ರೊಕ್ಕ ಎಣಿಸುವ ಗಲ್ಲೆ ಬಿಟ್ಟು ಎದ್ದು ನಿಲ್ಲಬೇಕು.

ಮೊದಲ ದಿನ ಹಾಗೇ ಆಯಿತು.

"ಬರ್ರಿ ಬರ್ರಿ ಸಾವಕಾರ್ರ! ಕುಂದ್ರಿ!" ಅಂದರು ಮಾಲಕರು.

ದೇವಿಂದ್ರಪ್ಪ ಯಾರೋ ಸಾಹುಕಾರರು ಬಂದರೆಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹಿಂದೆ ಯಾರೂ ಇರಲಿಲ್ಲ. ಮಾಲಕರು ಹಲ್ಲು ಕಚ್ಚಿ "ನಿನಗೇ ಅಂತಿರೋದು, ಕುಂದ್ರು" ಅಂದರು.

ಅವನು ಕುಂತ. ಕುಂತವನು ಎದ್ದ. ಪಕ್ಕದ ಟೇಬಲಿನ ಮೇಲೆ ನೀರು ಚೆಲ್ಲಿತ್ತು, ಹೆಗಲ ಮೇಲಿನ ಬಟ್ಟೆಗೆ ಕೈ ಹಾಕಿದ. ಬಟ್ಟೆ ಇರಲಿಲ್ಲ. ಮದುವೆ ಅಂಗಿಯ ತೋಳಿನಿಂದಲೇ ಒರಸಿದ. ಅವತ್ತು ಮಾಲಕರು ಅವನನ್ನು ಮೂರು ಸಲ ಹಿಟ್ಟಿನ ಚೀಲಗಳ ಹಿಂದೆ ಕರೆದು ಬೈದರು.

ತಿನ್ನುವುದಕ್ಕೂ ಒಂದು ಪದ್ಧತಿ ಇತ್ತು. ಎಂಟು ಗಂಟೆಗೆ ಒಂದು ಪ್ಲೇಟ್ ಪೂರಿ. ಅದು ಹತ್ತರ ತನಕ ಬರಬೇಕು. "ಬಾಯಿ ಆಡ್ಬೇಕು, ಪೂರಿ ಕಮ್ಮಿ ಆಗಬಾರ್ದು," ಅಂದಿದ್ದರು ಮಾಲಕರು. ಉಬ್ಬಿದ ಪೂರಿ ಹತ್ತು ನಿಮಿಷಕ್ಕೆ ಚಪ್ಪಟೆ ಆಗುತ್ತದೆ. ಚಪ್ಪಟೆ ಪೂರಿ ಗಾಜಿನಲ್ಲಿ ಚಂದ ಕಾಣುವುದಿಲ್ಲ. ಅದಕ್ಕೆ ನಾನು ಹತ್ತು ಹತ್ತು ನಿಮಿಷಕ್ಕೆ ಹೋಗಿ ಹಳೆಯದನ್ನು ತೆಗೆದು ಹೊಸದನ್ನು ಇಡುತ್ತಿದ್ದೆ. ತೆಗೆದ ಪೂರಿ ಮಧ್ಯಾಹ್ನ ನಮ್ಮ ಊಟ. ಒಂದು ವಾರ ಆದ ಮೇಲೆ ಅಡುಗೆಯವನು "ಪೀರ್ಯಾ, ನನ್ನ ಹೊಟ್ಟ್ಯಾಗ ಪೂರಿ ಮತ್ತ ಉಬ್ಬಲಿಕತ್ತಾವಲೇ" ಅಂದ.

ಹನ್ನೆರಡಕ್ಕೆ ರೊಟ್ಟಿ ಊಟ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಪುಡಿಯ ಹಿಂಡಿ, ಬ್ಯಾಳಿ ಸಾರು. ಅದನ್ನು ಎರಡರ ತನಕ ತಿನ್ನಬೇಕು. ಆಮೇಲೆ ಸಂಜೆ ತನಕ ಭಜಿ, ಚುರಮುರಿ ಸುಸಲಾ, ಚಹಾ. ನಡುನಡುವೆ ಮೀಸೆ ಒರಸಿಕೊಂಡು ರಸ್ತೆ ಕಡೆ ನೋಡಿ ತಲೆ ಆಡಿಸಬೇಕು. ಚಲೋ ಅದ ಅನ್ನುವ ಹಾಗೆ.

ಕೇಳಿದವರು ಸುಖದ ಕೆಲಸ ಅನ್ನಬಹುದು. ಆದರೆ ಲೆಕ್ಕ ಬೇರೆ ಇತ್ತು. ಮೊದಲು ದೇವಿಂದ್ರಪ್ಪನಿಗೆ ಗಿರಾಕಿಗಳು ಐದೋ ಹತ್ತೋ ಬಿಟ್ಟು ಹೋಗುತ್ತಿದ್ದರು. ಈಗ ಅವನೇ ಗಿರಾಕಿ. ಮೊದಲು ಸಂಜೆ ಉಳಿದ ಇಡ್ಲಿ, ಭಜಿ ಪೇಪರಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದ. ಮಕ್ಕಳು ಸ್ಟೇಷನ್ನಿಗೇ ಬಂದು ನಿಲ್ಲುತ್ತಿದ್ದರು. ಈಗ ಸಾಹುಕಾರ ಉಳಿದದ್ದನ್ನು ಕಟ್ಟಿಸಿಕೊಂಡು ಹೋಗುವುದು ಚಂದ ಕಾಣುವುದಿಲ್ಲ ಎಂದು ಮಾಲಕರು ಬೇಡ ಅಂದರು. ಹೀಗಾಗಿ ಹೋಟೆಲಿನಲ್ಲಿ ಅವನ ಹೊಟ್ಟೆ ಮುಂದೆ ಬಂತು, ಮನೆಯಲ್ಲಿ ಮಕ್ಕಳ ಹೊಟ್ಟೆ ಹಿಂದೆ ಹೋಯಿತು. ಮಾಲಕರ ಅಂಗಿಯ ಗುಂಡಿ ಹಾಕಲು ಬರದ ಹಾಗೆ ಆದಾಗ ಅವನು ನನ್ನ ಹತ್ತಿರ ಬಂದು ಕುಂತ.

"ಪೀರಪ್ಪ, ತುತ್ತು ಎತ್ತಿದಾಗೆಲ್ಲ ಹುಡುಗ್ಯಾರು ನೆನಪಾಗ್ತಾರ."

"ತಿನಬ್ಯಾಡ ಹಂಗಾರ."

"ತಿನಲಿಲ್ಲಂದ್ರ ಮಾಲಕ ಬೈತಾನ. ಡ್ಯೂಟಿ ಅಲ್ಲೇನು."

ಮನೆಯಲ್ಲಿ ಇನ್ನೊಂದು ತ್ರಾಸ. ನಾಲವಾರದ ಹೆಣ್ಣುಮಕ್ಕಳು ವಾಡಿ ಸಂತೆಗೆ ಬಂದಾಗ ಗಾಜಿನಲ್ಲಿ ಅವನನ್ನು ನೋಡಿದರು. ಹೋಗಿ ಶಿವಗಂಗಾಗೆ ಹೇಳಿದರು. ಅವತ್ತು ಮನೆಯಲ್ಲಿ ನಡೆದದ್ದನ್ನು ಅವನೇ ನನಗೆ ಹೇಳಿದ.

"ಏನ್ರೀ, ನಿಮ್ಮ ಸಲುವಾಗಿ ನಾ ಡಬ್ಬಿ ತಳ ಕೆರದು ಅಕ್ಕಿ ತಗೀಲಿಕತ್ತೀನಿ. ನೀವು ಅಲ್ಲಿ ರೊಟ್ಟಿ ಮ್ಯಾಲ ಬೆಣ್ಣಿ ಹಚಗೊಂಡು ಕುಂತೀರಂತ?"

"ಬೆಣ್ಣಿ ಅಲ್ಲ, ಹಿಂಡಿ."

"ಹಿಂಡಿ ಇರ್ಲಿ. ಕುಂತಿದ್ದು ಖರೇ ಅದ ಇಲ್ಲ?"

"ಕುಂದ್ರೂದೇ ಕೆಲಸ, ಶಿವಗಂಗಾ."

"ನಮ್ಮಪ್ಪಗ ಹೇಳಿದ್ರಿ ಹೋಟೆಲಿನಾಗ ಕೆಲಸ ಮಾಡ್ತೀನಂತ. ಹೋಟೆಲಿನಾಗ ಉಣ್ತೀನಂತ ಹೇಳಿರ್ಲಿಲ್ಲ."

ಅಕಿ ಎರಡು ದಿನ ಮಾತು ಬಿಟ್ಟಳು.

ಆದರೂ ಮಾಲಕರ ಉಪಾಯ ಕೆಲಸ ಮಾಡಿತು. ಮಂದಿ ಬರತೊಡಗಿದರು. ತಿನ್ನುವುದಕ್ಕಲ್ಲ, ದೇವಿಂದ್ರಪ್ಪನನ್ನು ನೋಡುವುದಕ್ಕೆ. ದಿನಾ ಬೆಳಗಿನಿಂದ ಸಂಜೆ ತನಕ ಒಬ್ಬ ಮನುಷ್ಯ ಅವಸರ ಇಲ್ಲದೆ ಕುಂತು ತಿನ್ನುತ್ತಾನೆ ಅಂದರೆ ಅವನು ದೊಡ್ಡವನೇ ಇರಬೇಕು. ಹಳೆಯ ಗಿರಾಕಿಗಳಿಗೂ ಗುರುತು ಸಿಗಲಿಲ್ಲ, ಸಪ್ಲೈಯರನ ತಾಟು ನೋಡುತ್ತಾರೆ, ಮುಖ ಯಾರು ನೋಡುತ್ತಾರೆ. ಜಾತ್ರೆ ಕಮಿಟಿಯವರು ದೇಣಿಗೆ ಪಾವತಿ ಪುಸ್ತಕ ತಂದರು. ಒಬ್ಬರು ಮಗನ ಮದುವೆಗೆ ಹೆಣ್ಣು ಕೇಳಿದರು. ಶಹಾಬಾದಿನ ಕಡೆಯಿಂದ ಇಬ್ಬರು ಅಣ್ಣತಮ್ಮಂದಿರು ಬಂದರು. ಅವರದು ಫರಸಿ ಕಲ್ಲಿನ ಕಟಿಂಗ್ ಮಶಿನ್. ಪಾಲು ಆಗಬೇಕು, ಮಶಿನ್ ಒಂದೇ. ಯಾರಿಗೆ ಅದು ಎಂದು ಜಗಳ.

"ಸಾವಕಾರ್ರ, ನೀವೇ ನ್ಯಾಯ ಹೇಳ್ರಿ," ಅಂದರು.

ದೇವಿಂದ್ರಪ್ಪ ಇಬ್ಬರ ಮುಖ ನೋಡಿದ. ಇಪ್ಪತ್ತೆರಡು ವರ್ಷದ ರೂಢಿ. ಟೇಬಲಿಗೆ ಇಬ್ಬರು ಬಂದು ಕುಂತರೆ ಅವನ ಬಾಯಿಂದ ಬೇರೆ ಮಾತು ಬರುವುದಿಲ್ಲ.

"ಮೊದಲ ಚಹಾ ಕುಡೀರಿ. ಬಿಸಿ ಭಜಿ ಬಂದಾವ. ಇಬ್ಬರ್ಗೂ ಸೇರಿ ಒಂದು ಪ್ಲೇಟ್ ತರಸ್ಲಿ, ಬ್ಯಾರೆ ಬ್ಯಾರೆ ತರಸ್ಲಿ?"

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ತಮ್ಮನ ಕಣ್ಣಲ್ಲಿ ನೀರು ಬಂತು.

"ಸೇರೇ ತರಸ್ರಿ," ಅಂದ.

ಒಂದು ಪ್ಲೇಟ್ ಭಜಿ ಇಬ್ಬರೂ ಕೂಡಿ ತಿಂದು, ಪಾಲೇ ಬೇಡ ಎಂದು ಎದ್ದು ಹೋದರು. ಈ ಸುದ್ದಿ ಶಹಾಬಾದಿನ ತನಕ ಹಬ್ಬಿತು. ಮಾಲಕರು ಇನ್ನು ನಾಲ್ಕು ಕುರ್ಚಿ ತರಿಸಿದರು.

ಅಷ್ಟೊತ್ತಿಗೆ ಎದುರಿನ ಗಾಜಿನಲ್ಲಿ ಯಾವಾಗಲೂ ಕುಂತಿರುವ ಮನುಷ್ಯ ಯಾರು ಎಂದೂ ಗೊತ್ತಾಗಿತ್ತು. ಅವನು ಗುಲಾಮ್ ರಸೂಲ್. ಮೊದಲು ಸ್ಟೇಷನ್ನಿನಲ್ಲಿ ಚಹಾ ಮಾರುತ್ತಿದ್ದವನು. ಅವನೂ ಅಲ್ಲಿ ಪಗಾರದ ಗಿರಾಕಿ. ಎಂಟು ಗಂಟೆಗೆ ಬಂದು ಕುಂತ ಕೂಡಲೇ ಅವನು ಅಲ್ಲಿಂದ ಚಹಾದ ಗ್ಲಾಸು ಎತ್ತಿ ತೋರಿಸುತ್ತಿದ್ದ. ದೇವಿಂದ್ರಪ್ಪ ಇಲ್ಲಿಂದ ಎತ್ತುತ್ತಿದ್ದ. ಆಮೇಲೆ ಇಬ್ಬರೂ ಸಂಜೆ ತನಕ ಒಬ್ಬರಿಗೊಬ್ಬರು ಎದುರಾಗಿ ಕುಂತು ತಿನ್ನುತ್ತಿದ್ದರು.

ಇನ್ನು ಸಾಹೇಬರ ವಿಷಯ. ಮಹೇಶಕುಮಾರ ಎಂದು ಹೆಸರು, ಈ ಕಡೆಗೆ ಹೊಸದಾಗಿ ಬಂದವರು. ಊರೂರಿಗೆ ಹೋಗಿ ರೇಷನ್ ಕಾರ್ಡ್ ತಪಾಸಣೆ ಮಾಡುವ ಕೆಲಸ. ರೊಕ್ಕ ಇದ್ದವರು ಬಡವರ ಕಾರ್ಡ್ ಇಟ್ಟುಕೊಂಡಿದ್ದರೆ ಅದನ್ನು ತೆಗೆಯಬೇಕು. ಒಳ್ಳೆಯ ಮನುಷ್ಯ. ತಾವು ತಿಂದದ್ದಕ್ಕೆ ರೊಕ್ಕ ಕೊಟ್ಟೇ ಹೋಗುವವರು. ಚಿತ್ತಾಪುರದಿಂದ ಬಂದಾಗೆಲ್ಲ ನಮ್ಮಲ್ಲಿಯೇ ಊಟ. ಗಾಜಿನ ಹತ್ತಿರದ ದೇವಿಂದ್ರಪ್ಪನಿಗೆ ಪ್ರತಿ ಸಲ ಕೈ ಮುಗಿಯುತ್ತಿದ್ದರು. ಒಮ್ಮೆ ಈ ವರ್ಷ ತೊಗರಿ ದರ ಏರುತ್ತದೋ ಇಲ್ಲವೋ ಎಂದು ಕೇಳಿದರು. ದೇವಿಂದ್ರಪ್ಪ ಏನೂ ಗೊತ್ತಿಲ್ಲದೆ ತಲೆ ಆಡಿಸಿದ. ಅದು ಅವನ ಡ್ಯೂಟಿ.

ಎಲ್ಲರೂ ಮನೆಯಲ್ಲಿ ಸಿಗುತ್ತಾರೆ ಎಂದು ಒಂದು ಭಾನುವಾರ ಸಾಹೇಬರು ನಾಲವಾರಕ್ಕೆ ತಪಾಸಣೆಗೆ ಹೋದರು. ದೇವಿಂದ್ರಪ್ಪನ ಮನೆಯ ಬಾಗಿಲು ಬಡಿದರು. ಅವತ್ತು ಹೋಟೆಲಿಗೆ ರಜೆ, ದೇವಿಂದ್ರಪ್ಪನೇ ತೆಗೆದ.

"ಅರೆ ಸಾವಕಾರ್ರ! ನೀವಿಲ್ಲಿ?" ಅಂದರು ಸಾಹೇಬರು. "ಈ ಬಡವರ ಮನ್ಯಾಗ ಏನು ಕೆಲಸ ನಿಮ್ಮದು?"

"ಇದು ನಮ್ಮದೇ ಮನಿರಿ."

ಸಾಹೇಬರು ಪಟ್ಟಿ ನೋಡಿದರು. ಮನೆ ನೋಡಿದರು. ಮೇಲೆ ತಗಡು, ಗೋಡೆಗೆ ಸೀಳು. ಆಮೇಲೆ ದೇವಿಂದ್ರಪ್ಪನ ಹೊಟ್ಟೆ ನೋಡಿದರು.

"ಇಂಥಾ ಮನೀನೂ ಒಂದು ಇಟ್ಟೀರಿ ಅನ್ರಿ, ಕಾರ್ಡಿನ ಸಲುವಾಗಿ. ನಿಮ್ಮಂಥವರು ಹಿಂಗ ಮಾಡಿದ್ರ ಹ್ಯಾಂಗ್ರಿ?"

"ಸಾಹೇಬ್ರ, ನಾ ಸಪ್ಲೈಯರ್ ಇದೀನ್ರಿ."

"ಏನು ಸಪ್ಲೈ? ಕಲ್ಲಾ? ಸಿಮೆಂಟಾ?"

"ಇಡ್ಲಿರಿ."

"ಚ್ಯಾಷ್ಟಿ ಸಾಕ್ರಿ. ದಿನಾ ಮೂರು ಹೊತ್ತು ಹೋಟೆಲಿನಾಗ ಊಟ ಮಾಡ್ತೀರಿ, ನಾ ಕಣ್ಣಲೆ ನೋಡೀನಿ. ಈ ಹೊಟ್ಟಿ ಎಲ್ಲಿಂದ ಬಂತು?"

"ಇದು ನಂದಲ್ರಿ. ಮಾಲಕರ ಹೊಟ್ಟಿರಿ."

ಒಳಗಿನಿಂದ ಶಿವಗಂಗಾ ಓಡಿ ಬಂದಳು. "ಹೌದ್ರಿ ಸಾಹೇಬ್ರ, ಖರೇ ಅದರಿ. ನಮ್ಮನಿಯಾಗ ಇಂಥಾ ಹೊಟ್ಟಿ ಬೆಳಸೂ ಶಕ್ತಿ ನಮಗಿಲ್ರಿ."

ಸಾಹೇಬರು ಕಾಗದ ಬರೆದು ಕೊಟ್ಟರು. ಎಂಟು ದಿನದಲ್ಲಿ ಮಾಲಕರಿಂದ ಪಗಾರದ ಚೀಟಿ ತರಬೇಕು. ಇಲ್ಲದಿದ್ದರೆ ಕಾರ್ಡ್ ರದ್ದು. ಶಿವಗಂಗಾ ಆ ಕಾಗದವನ್ನು ಜಗಲಿಯ ಮೇಲೆ ಇಡಲಿಲ್ಲ. ಗಂಡನ ಕೈಗೆ ಕೊಟ್ಟು ಹೀಗೆ ಅಂದಳು:

"ಆ ಅಕ್ಕಿ ಹೋದ್ರ ನಾ ಹುಡುಗ್ಯಾರಿಗಿ ಕರಕೊಂಡು ಬಂದು ನಿಮ್ಮ ಗಾಜಿನ ಮುಂದ ಕುಂದ್ರತೀನಿ. ಹೊರಗ. ನೀವು ಒಳಗ ತಿನ್ರಿ, ನಾವು ನೋಡ್ತೀವಿ."

ಮರುದಿನ ದೇವಿಂದ್ರಪ್ಪ ಮಾಲಕರನ್ನು ಕೇಳಿದ. ನಾನು ಅಲ್ಲೇ ಹಿಟ್ಟು ಕಲಸುತ್ತಿದ್ದೆ.

"ನೀ ಸಪ್ಲೈಯರ್ ಅಂತ ನಾ ಬರದು ಕೊಡ್ಲಿ?" ಮಾಲಕರು ಗಾಬರಿ ಆದರು. "ಹುಚ್ಚ ಹಿಡದದ ಏನು? ಊರ ಮಂದಿ ನಿನ್ನ ನೋಡಿ ಬರ್ತಾರ. ಅವರ ಮುಂದ ನನ್ನ ಇಜ್ಜತ್ ಏನಾಗ್ತದ? ಎದುರಿನವ ಲೌಡ್‌ಸ್ಪೀಕರ್ ಹಚ್ಚಿ ಹೇಳ್ತಾನ."

"ಕಾರ್ಡ್ ಹೋಗ್ತದ್ರಿ ಮಾಲಕರ."

"ಹೋಗಂಗಿಲ್ಲ. ನಾ ಬರದು ಕೊಡ್ತೀನಿ, ಫಿಕರ್ ಬ್ಯಾಡ."

ಸಂಜೆಗೆ ಒಂದು ಲಕೋಟೆ ಕೊಟ್ಟರು. ಬಾಯಿ ಅಂಟಿಸಿತ್ತು. ದೇವಿಂದ್ರಪ್ಪ ಮಾಲಕರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಮರುದಿನ ಅರ್ಧ ದಿನದ ರಜೆ ಹಾಕಿ ಚಿತ್ತಾಪುರಕ್ಕೆ ಹೋದ. ಸಾಹೇಬರು ಲಕೋಟೆ ಒಡೆದು ಗಟ್ಟಿಯಾಗಿ ಓದಿದರು. ಅದರಲ್ಲಿ ಹೀಗೆ ಇತ್ತು: ಶ್ರೀ ದೇವಿಂದ್ರಪ್ಪನವರು ನಮ್ಮ ಹೋಟೆಲಿನ ಖಾಯಂ ಗಿರಾಕಿಗಳು, ಬಹಳ ಗೌರವಸ್ಥರು, ಇವರ ಮಾತಿಗೆ ಬೆಲೆ ಕೊಡಬೇಕಾಗಿ ವಿನಂತಿ.

ಸಾಹೇಬರು ಕಾಗದ ಕೆಳಗಿಟ್ಟರು.

"ಈಗ ಏನು ಹೇಳ್ತೀರಿ?"

ದೇವಿಂದ್ರಪ್ಪ ಅಲ್ಲೇ ನಿಂತು ಅತ್ತ. ಸಾಹೇಬರಿಗೆ ಪಾಪ ಅನಿಸಿರಬೇಕು. ಇಷ್ಟು ದೊಡ್ಡ ಮನುಷ್ಯ ಇಷ್ಟು ಸಣ್ಣ ಕಾರ್ಡಿಗೆ ಅಳುವುದನ್ನು ಅವರು ಎಲ್ಲೂ ನೋಡಿರಲಿಲ್ಲ.

"ಹಿಂಗ ಮಾಡೂಣ್ರಿ," ಅಂದರು. "ಗುರುವಾರ ನಾ ಊಟಕ್ಕ ವಾಡಿಗಿ ಬರ್ತೀನಿ. ನೀವು ಸಪ್ಲೈಯರ್ ಇದ್ದದ್ದು ಖರೇ ಇದ್ರ ನನ್ನ ಮುಂದ ಸಪ್ಲೈ ಮಾಡಿ ತೋರಸ್ರಿ. ಖಾತ್ರಿ ಆತಂದ್ರ ಅಲ್ಲೇ ಬರದು ಕೊಡ್ತೀನಿ. ಆಗಲಿಲ್ಲಂದ್ರ ಕಾರ್ಡ್ ಕೊಟ್ಟುಬಿಡ್ರಿ."

ಮಾಲಕರಿಗೆ ನಾವು ಇದನ್ನು ಹೇಳಲಿಲ್ಲ.

ಗುರುವಾರ ಬಂತು. ಮಧ್ಯಾಹ್ನ ಒಂದು ಗಂಟೆ. ಹೋಟೆಲ್ ತುಂಬಿತ್ತು. ಸಾಹೇಬರು ಬಂದು ನಡುವಿನ ಟೇಬಲಿಗೆ ಕುಂತು, ಬ್ಯಾಗಿನಿಂದ ಫೈಲು ತೆಗೆದು ಮುಂದಿಟ್ಟರು. ಮಾಲಕರು ಗಲ್ಲೆಯಲ್ಲಿ ಚಿಲ್ಲರೆ ಎಣಿಸುತ್ತಿದ್ದರು.

ದೇವಿಂದ್ರಪ್ಪ ಗಾಜಿನ ಹತ್ತಿರದ ಕುರ್ಚಿಯಿಂದ ಎದ್ದ. ಮದುವೆ ಅಂಗಿಯ ತೋಳು ಮೇಲೆ ಮಾಡಿದ. ನನ್ನ ಸೊಂಟದ ಟಾವೆಲ್ ಬಿಚ್ಚಿ ತನ್ನ ಸೊಂಟಕ್ಕೆ ಕಟ್ಟಿಕೊಂಡ. ಒಲೆಯ ಕಡೆಗೆ ಹೋಗಿ ಎಡಗೈ ಚಾಚಿದ. ನಾನು ಅಂಗೈಯಿಂದ ಭುಜದ ತನಕ ಐದು ಊಟದ ತಾಟು ಹೊಂದಿಸಿದೆ. ಬಲಗೈಯಲ್ಲಿ ಬ್ಯಾಳಿಯ ಬಕೆಟ್ ಹಿಡಿದ. ಹೊರಟ ನೋಡಿ. ಅಷ್ಟು ತಿಂಗಳು ಕುಂತ ಮೇಲೂ ಒಂದು ಹನಿ ಚೆಲ್ಲಲಿಲ್ಲ. ಟೇಬಲಿನಿಂದ ಟೇಬಲಿಗೆ ಹೋದ, ತಾಟು ಇಟ್ಟ, ಬ್ಯಾಳಿ ಹಾಕಿದ, ರೊಟ್ಟಿ ಬೇಕೇನು ಎಂದು ಕೇಳಿದ, ಉಪ್ಪು ಸರಿಸಿದ. ಸಾಹೇಬರ ಮುಂದೆ ಬಗ್ಗಿ "ಇನ್ನ ಸ್ವಲ್ಪ ಪಲ್ಯಾ ಹಾಕ್ಲ್ಯಾ ಸಾಹೇಬ್ರ?" ಅಂದ. ನನಗೆ ಎದೆ ಉಬ್ಬಿತು. ಇದಕ್ಕಿಂತ ಹೆಚ್ಚಿನ ಪುರಾವೆ ಏನು ಬೇಕು ಅಂದುಕೊಂಡೆ.

ಹೋಟೆಲಿನಲ್ಲಿ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಮೂಲೆಯಲ್ಲಿ ಕುಂತಿದ್ದ ಒಬ್ಬ ಮುದುಕ ಉಣ್ಣುವುದನ್ನು ಬಿಟ್ಟು ಎದ್ದು ನಿಂತು, ಎಡಗೈಯನ್ನು ಎದೆಗೆ ಇಟ್ಟುಕೊಂಡ.

"ಶರಣು ಶರಣಾರ್ಥಿ," ಅಂದ. "ದಾಸೋಹ ಅಂದ್ರ ಹಿಂಗಿರ್ಬೇಕು ನೋಡ್ರಿ."

ಆಗ ನನಗೆ ಏನಾಗುತ್ತಿದೆ ಎಂದು ತಿಳಿಯಿತು. ನಮ್ಮ ಕಡೆಯ ಮಠಗಳಲ್ಲಿ ಅಮಾವಾಸ್ಯೆಗೆ ದಾಸೋಹ ಇದ್ದಾಗ ಊರ ದೊಡ್ಡ ದೊಡ್ಡ ಸಾಹುಕಾರರೇ ಸೊಂಟಕ್ಕೆ ಟಾವೆಲ್ ಕಟ್ಟಿ ಬಡಿಸುತ್ತಾರೆ. ಎಷ್ಟು ದೊಡ್ಡವನೋ ಅಷ್ಟು ಬಗ್ಗಿ ಬಡಿಸಬೇಕು. ದೇವಿಂದ್ರಪ್ಪ ಬಹಳ ಬಗ್ಗಿ ಬಡಿಸಿದ್ದ.

ಒಬ್ಬ ಹೆಣ್ಣುಮಗಳು ಮಗುವನ್ನು ತಂದು ಅವನ ಕಾಲ ಮೇಲೆ ಹಾಕಿ ಎತ್ತಿಕೊಂಡಳು. ಇನ್ನೊಬ್ಬ "ನನಗೂ ಅವರ ಕೈಲೆ ಒಂದು ರೊಟ್ಟಿ ಹಾಕಿಸ್ರಿ" ಅಂದ.

"ಏ, ಅಲ್ರಿ, ನಾ ಸಪ್ಲೈಯರ್ ಇದೀನ್ರಿ!" ಅಂದ ದೇವಿಂದ್ರಪ್ಪ. "ಖರೇನೇ ಸಪ್ಲೈಯರ್ರಿ!"

"ನೋಡ್ರಿ, ನೋಡ್ರಿ," ಅಂದ ಮುದುಕ. "ಬಾಗಿದ ತಲಿ, ಮುಗಿದ ಕೈ. ಎಷ್ಟು ಸಣ್ಣವರಾಗಿ ಮಾತಾಡ್ತಾರ!"

ಸಾಹೇಬರ ಮುಖ ಕೂಡ ಮೆತ್ತಗೆ ಆಗಿತ್ತು. ಫೈಲಿನ ಮೇಲಿದ್ದ ಕೈ ತೆಗೆದು ಮುಗಿದರು. "ಇಷ್ಟು ದೊಡ್ಡವರಿದ್ದೂ ಎಲ್ಲರಿಗೂ ಕೈಲೆ ಬಡಸ್ತೀರಿ. ನಿಮ್ಮ ಮ್ಯಾಲ ಸಿಟ್ಟ ಮಾಡಿದ್ದು ನಂದು ತಪ್ಪಾತು ಸಾವಕಾರ್ರ. ನಿಮಗ ಕಾರ್ಡ್ ಯಾಕ ಬೇಕು ಅನ್ನೂದು ಮಾತ್ರ ನನಗ ತಿಳೀವಲ್ದು."

ಅಷ್ಟರಲ್ಲಿ ಮಾಲಕರು ಗಲ್ಲೆಯಿಂದ ಎದ್ದು ಬಂದರು. ಅವರಿಗೆ ಇದರಲ್ಲಿ ವ್ಯಾಪಾರ ಕಂಡಿತ್ತು.

"ಹೌದ್ರಿ ಸಾಹೇಬ್ರ, ಅವರು ಹಂಗೇ. ನಾ ಬ್ಯಾಡಂದ್ರೂ ಕೇಳಂಗಿಲ್ಲ. ಇನ್ನ ಮ್ಯಾಲ ಪ್ರತಿ ಗುರುವಾರ ನಮ್ಮ ಹೋಟೆಲಿನಾಗ ಅವರದು ಸೇವಾ ಇರ್ತದರಿ. ಎಲ್ಲಾರೂ ಬರ್ರಿ!"

ಹೋಟೆಲಿನಲ್ಲಿ ಎಲ್ಲರೂ ಕೈ ಮುಗಿದರು. ಸಾಹೇಬರು ಫೈಲಿನಿಂದ ಒಂದು ಕಾಗದ ತೆಗೆದು ಪೆನ್ನಿನ ಟೋಪಿ ಬಿಚ್ಚಿದರು. ಅದು ಕಾರ್ಡ್ ರದ್ದು ಮಾಡುವ ಕಾಗದ. ಮೇಲೆ ನಾಲವಾರ ಎಂದು ಬರೆದದ್ದು ನನಗೂ ಕಂಡಿತು, ದೇವಿಂದ್ರಪ್ಪನಿಗೂ ಕಂಡಿತು.

ಆ ಹೊತ್ತಿಗೆ ಅವನ ಕೈಯಲ್ಲಿ ಚಹಾದ ತಟ್ಟೆ ಇತ್ತು. ಹನ್ನೆರಡು ಗಾಜಿನ ಗ್ಲಾಸು, ಹನ್ನೆರಡೂ ತುಂಬಿದ್ದು. ಊಟ ಮುಗಿದವರಿಗೆ ಎಂದು ನಾನೇ ಕೊಟ್ಟಿದ್ದೆ. ಅವನು ಸಾಹೇಬರ ಪೆನ್ನು ನೋಡಿದ. ಮಾಲಕರನ್ನು ನೋಡಿದ. ಆಮೇಲೆ ತಟ್ಟೆ ನೋಡಿದ. ಅವನು ಅಷ್ಟು ವರ್ಷದಲ್ಲಿ ಒಂದು ಗ್ಲಾಸು ಒಡೆದವನಲ್ಲ. ಒಡೆದ ಸಪ್ಲೈಯರನ್ನು ಅವನು ಮನುಷ್ಯನೆಂದೇ ಎಣಿಸುತ್ತಿರಲಿಲ್ಲ. ಕಣ್ಣು ಮುಚ್ಚಿದ. ಮುಂಗೈ ಓರೆ ಮಾಡಿದ.

ಹನ್ನೆರಡು ಗ್ಲಾಸೂ ನೆಲದ ಫರಸಿಯ ಮೇಲೆ ಬಿದ್ದವು. ಅಂಥ ಸಪ್ಪಳ ನಮ್ಮ ಹೋಟೆಲಿನಲ್ಲಿ ಎಂದೂ ಆಗಿರಲಿಲ್ಲ. ಚಹಾ ಮಾಲಕರ ಧೋತರದ ತನಕ ಸಿಡಿಯಿತು.

"ಲೇ ದೇವ್ಯಾ! ಕಣ್ಣ ಏನು ಹಿಟ್ಟಿನ ಚೀಲದಾಗ ಇಟ್ಟಿಯೇನಲೇ ಮಗನ!" ಮಾಲಕರು ಕಿರುಚಿದರು. "ಹನ್ನೆರಡೂ ಗ್ಲಾಸ್ ನಿನ್ನ ಪಗಾರದಾಗ ಹಿಡಿತೀನಿ! ಚಹಾದ್ದೂ ಹಿಡಿತೀನಿ! ಆ ಅಂಗಿ ಬಿಚ್ಚಲೇ ಮೊದಲ, ನಂದದ ಅದು!"

ಮಾತು ಬಾಯಿಂದ ಹೋದ ಮೇಲೆ ಮಾಲಕರಿಗೆ ತಿಳಿಯಿತು. ಕೈಯಿಂದ ಬಾಯಿ ಮುಚ್ಚಿಕೊಂಡರು. ಮುದುಕ ಎದೆಯ ಮೇಲಿನ ಕೈ ಇಳಿಸಿ ಕುಂತು, ಬಲಗೈಯನ್ನು ತನ್ನ ರೊಟ್ಟಿಗೆ ಹಾಕಿದ. ಮಗು ತಂದ ಹೆಣ್ಣುಮಗಳು ಸೀರೆಯಿಂದ ಅದರ ಮೈ ಒರಸಿದಳು. ರಸ್ತೆಯಾಚೆ ಗುಲಾಮ್ ರಸೂಲ್ ತನ್ನ ಕುರ್ಚಿಯಿಂದ ಎದ್ದು ಗಾಜಿಗೆ ಮೂಗು ಹಚ್ಚಿ ನಿಂತಿದ್ದ.

ಸಾಹೇಬರ ಪೆನ್ನು ಗಾಳಿಯಲ್ಲೇ ನಿಂತಿತ್ತು.

"ಪಗಾರ ಅಂದ್ರಿ?" ಅಂದರು.

"ಅದು... ಹಂಗ ಮಾತಿಗಿ ಅಂದೆ ಸಾಹೇಬ್ರ," ಅಂದರು ಮಾಲಕರು.

"ಪಗಾರ ಎಷ್ಟು?"

"ಸಾಹೇಬ್ರ, ಅವರು ಸಾವಕಾರ್ರು..."

"ಎಷ್ಟ್ರಿ ಪಗಾರ?"

ಮಾಲಕರು ಬಹಳ ಸಣ್ಣ ದನಿಯಲ್ಲಿ "ಎಂಟು" ಅಂದರು.

"ಎಂಟು ಏನು? ದಿನಕ್ಕ ಎಂಟುನೂರ?"

"ತಿಂಗಳಿಗಿ ಎಂಟು ಸಾವಿರರಿ."

ಸಾಹೇಬರು ಮಾಲಕರನ್ನು ನೋಡಿದರು. ಗಾಜಿನ ಹತ್ತಿರದ ಖಾಲಿ ಕುರ್ಚಿ ನೋಡಿದರು. ಅಲ್ಲಿ ಬೆಳಗಿನ ಒಂದು ಪೂರಿ ಚಪ್ಪಟೆಯಾಗಿ ಬಿದ್ದಿತ್ತು. ಆಮೇಲೆ ಮೊದಲಿನ ಕಾಗದವನ್ನು ಹರಿದು ಇನ್ನೊಂದು ತೆಗೆದರು.

ದೇವಿಂದ್ರಪ್ಪ ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಅವನು ಅಷ್ಟೊತ್ತಿಗೆ ಹಿಂದೆ ಹೋಗಿ ಬಿಳಿ ಅಂಗಿ ಬಿಚ್ಚಿಟ್ಟು, ಬನಿಯನ್ ಮೇಲೆ ಕಸಬರಿಗೆ ಹಿಡಿದು ಬಂದಿದ್ದ. ಗಾಜಿನ ಚೂರು ನಡುವಿನ ಟೇಬಲಿನ ಕೆಳಗೆ ಹೋಗಿದ್ದವು. ಮೊಣಕಾಲೂರಿ ಕುಂತ.

"ಕಾಲ ಸ್ವಲ್ಪ ಮ್ಯಾಲ ಮಾಡ್ರಿ ಸಾಹೇಬ್ರ," ಅಂದ. "ಚುಚ್ಚತಾವ."

ಸಾಹೇಬರು ಎರಡೂ ಕಾಲು ಮೇಲೆತ್ತಿ, ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬರೆಯತೊಡಗಿದರು. ಚೂರು ಎಲ್ಲ ಬಂದಿದ್ದವು, ನಾನು ನೋಡಿದೆ. ಆದರೂ ಪೆನ್ನು ನಿಲ್ಲುವ ತನಕ ದೇವಿಂದ್ರಪ್ಪ ಆ ಕುರ್ಚಿಯ ಕೆಳಗೇ ಗುಡಿಸುತ್ತಿದ್ದ.